ಬೀಗರ ಪಂಕ್ತಿಯಿಂದ ಏಳುವುದು

ಕೂರುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ವಿದ್ಯೆ, ಏಳುವುದನ್ನು ಮಾತ್ರ ಕಲಿಯಬೇಕು ಎಂಬುದು ನನಗೆ ತಡವಾಗಿ ತಿಳಿಯಿತು. ಮಚ್ಛೆ ಊರಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕುರ್ಚಿ ಬಿಡದೆ ಕೂತು ನಿವೃತ್ತನಾದವನು ನಾನು. ನೆಲದ ಮೇಲೆ ಕೂತರೆ ಎತ್ತಲು ಜನ ಬೇಕು. ಮಗನಿಗೆ ಖಾನಾಪುರದ ಹುಡುಗಿ ಗೊತ್ತಾದಾಗ ಹೆಂಡತಿಗೆ ಇದೇ ಚಿಂತೆ ಹತ್ತಿತು. ಅವರ ಮನೆಯಲ್ಲಿ ಈಗಲೂ ನೆಲದ ಮೇಲೆಯೇ ಪಂಕ್ತಿ ಊಟ. "ಬೀಗರ ಮುಂದ ಮರ್ಯಾದಿ ಹೋಗಬಾರದು. ಇವತ್ತಿಂದ ನೆಲದ ಮ್ಯಾಲೆ ಕುಂತ ಚಾ ಕುಡೀರಿ, ಪೇಪರ್ ಓದ್ರಿ, ಕೈ ಊರದ ಏಳ್ರಿ" ಎಂದಳು.

ಹಿಂದವಾಡಿಯ ನಮ್ಮ ಮನೆಯಲ್ಲಿ ಹೀಗೆ ಆರೋಗ್ಯದ ಆಳ್ವಿಕೆ ಶುರುವಾಯಿತು. ಬೆಳಿಗ್ಗೆ ಬಿಸಿನೀರು ಕುಡಿದು, ಕತ್ತು ತಿರುಗಿಸಿ, ಚಾಪೆಯ ಮೇಲೆ ಕೂರುತ್ತಿದ್ದೆ. ಚಾಪೆಯನ್ನು ಮಾತ್ರ ಮಂಚದ ಪಕ್ಕದಲ್ಲೇ ಹಾಸುತ್ತಿದ್ದೆ. ಹೆಂಡತಿ ಅಡುಗೆಮನೆಗೆ ಹೋದೊಡನೆ ಮಂಚ ಹಿಡಿದು ಎದ್ದುಬಿಡುತ್ತಿದ್ದೆ. ಅವಳು ಬಂದು ನೋಡಿ, "ಅಡ್ಡಿಯಿಲ್ಲ, ಸುಧಾರಿಸೀರಿ" ಎನ್ನುತ್ತಿದ್ದಳು. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತು.

ನಿಶ್ಚಿತಾರ್ಥದ ಊಟಕ್ಕೆ ಹೋದರೆ ಖಾನಾಪುರದ ಪಡಸಾಲೆಯಲ್ಲಿ ಮಂಚವಿರಲಿಲ್ಲ. ಊಟ ಮುಗಿದು ಏಳಲು ನೋಡಿದರೆ ಮೊಣಕಾಲು ಒಪ್ಪಲಿಲ್ಲ. ಹುಡುಗನ ತಂದೆ ಏಳದೆ ಪಂಕ್ತಿಯಲ್ಲಿ ಇನ್ನೊಬ್ಬರು ಏಳುವಂತಿಲ್ಲ. ಎಲ್ಲರೂ ಎಂಜಲುಗೈ ಒಣಗಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ಹೊತ್ತು ತಳ್ಳಲು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅದು ಮುಗಿದ ಮೇಲೆ ಮತ್ತೊಂದು. "ಬೀಗರಿಗೆ ನಮ್ಮ ಹೋಳಿಗಿ ಭಾಳ ಸೇರ್ಯಾವು" ಎಂದು ಒಳಗೆ ಯಾರೋ ಹಿಗ್ಗಿದರು. ಮಗ ತಲೆ ತಗ್ಗಿಸಿದ. ಬಾಗಿಲಲ್ಲಿ ನಿಂತ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು.

ಕೊನೆಗೆ ಪಕ್ಕದಲ್ಲಿದ್ದ ಹುಡುಗಿಯ ತಂದೆಯ ಕಿವಿಯಲ್ಲಿ, "ನನಗ ಏಳಾಕ ಆಗವಲ್ದರಿ" ಎಂದು ಒಪ್ಪಿಕೊಂಡೆ. ಅವರ ಮುಖ ಅರಳಿತು. "ಖರೇ ಹೇಳಬೇಕಂದ್ರ ನನಗೂ ಆಗೂದಿಲ್ರಿ. ನೀವು ಕುಂತೀರಿ ಅಂತ ನಾನೂ ಆರಾಮ ಕುಂತಿದ್ನಿ" ಎಂದರು. ಒಬ್ಬರ ಹೆಗಲು ಒಬ್ಬರು ಹಿಡಿದು ಎದ್ದೆವು. ಎದ್ದ ರಭಸಕ್ಕೆ ಅಪ್ಪಿಕೊಂಡಂತಾಯಿತು. "ಬೀಗರಂದ್ರ ಹಿಂಗಿರಬೇಕು ನೋಡ್ರಿ" ಎಂದು ಆ ಮನೆಯ ಅಜ್ಜಿ ಕಣ್ಣೊರೆಸಿಕೊಂಡರು.

ಊರಿಗೆ ಬಂದ ಮೇಲೆ ಹೆಂಡತಿ ಎದುರಿಗೇ ನಿಂತು ನನ್ನಿಂದ ಅಭ್ಯಾಸ ಮಾಡಿಸಿದಳು. ಈಗ ಕೈ ಊರದೆ ಏಳುವುದು ನಿಜವಾಗಿಯೂ ಬರುತ್ತಿದೆ. ಆದರೆ ಮೊನ್ನೆ ಒಂದು ಯೋಚನೆ ಬಂತು. ಮದುವೆಯ ಊಟದಲ್ಲಿ ನಾನೊಬ್ಬನೇ ಸರಕ್ಕನೆ ಎದ್ದುಬಿಟ್ಟರೆ ಬೀಗರ ಗತಿಯೇನು? ಎರಡು ಮನೆಗಳ ನಡುವೆ ಏನೋ ಕೆಟ್ಟಿದೆ ಎಂದು ಜನ ಆಡಿಕೊಳ್ಳುವುದಿಲ್ಲವೆ? ಹಾಗಾಗಿ ಸಂಬಂಧ ಉಳಿಯಲಿ ಎಂಬ ಒಂದೇ ಕಾರಣಕ್ಕೆ ವ್ಯಾಯಾಮ ನಿಲ್ಲಿಸಿದ್ದೇನೆ. ಈ ತ್ಯಾಗದ ಬೆಲೆ ಹೆಂಡತಿಗೆ ಇನ್ನೂ ತಿಳಿದಿಲ್ಲ.