ಕಾವಲುಮೊಟ್ಟೆಗೆ ಬಂದ ಆನೆ

ಕೀರ್ತಿಕುಮಾರ ತನ್ನ ಜನ್ಮದಲ್ಲಿ ಒಂದು ಬೆಟ್ಟವನ್ನೂ ಹತ್ತಿದವನಲ್ಲ. ಇದೊಂದನ್ನು ಬಿಟ್ಟರೆ ಕೊಡಗಿನ ಬೆಟ್ಟಗಳ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

ಶಿರಂಗಾಲದ ಕಡೆಯ ಅವನು ನಾಪೋಕ್ಲಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಸಂಜೆಯಾದರೆ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ನಿಂತು, ಚಾರಣ ಮುಗಿಸಿ ಬಂದ ಹುಡುಗರನ್ನೂ ಜೀಪಿನ ಡ್ರೈವರುಗಳನ್ನೂ ಮಾತಿಗೆಳೆಯುತ್ತಿದ್ದ. ಜೀಪು ಎಲ್ಲಿಯವರೆಗೆ ಹೋಗುತ್ತದೆ, ನೀರು ಎಲ್ಲಿ ಸಿಗುತ್ತದೆ, ಜಿಗಣೆ ಎಲ್ಲಿ ಜಾಸ್ತಿ, ಯಾವ ಬಂಡೆ ಜಾರುತ್ತದೆ, ಎಲ್ಲವನ್ನೂ ಕೇಳಿಕೊಂಡು ಮನೆಗೆ ಹೋಗಿ ಒಪ್ಪವಾಗಿ ಜೋಡಿಸಿ ‘ಬೆಟ್ಟದ ಬುತ್ತಿ’ ಎಂಬ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ನಡೆದವರು ಯಾರೋ, ಬರೆದವನು ಇವನು. ಅದರಿಂದ ಯಾರಿಗೂ ನಷ್ಟವಿರಲಿಲ್ಲ, ಮಾಹಿತಿಯೆಲ್ಲ ಸರಿಯಾಗಿಯೇ ಇತ್ತು. ತಪ್ಪಾದದ್ದು ಒಂದೇ ಕಡೆ: ‘ಹತ್ತಿದವರು ಹೇಳುತ್ತಾರೆ’ ಎಂದು ಬರೆಯಬೇಕಾದಲ್ಲಿ ಅವನು ‘ನಾನು ಹತ್ತಿದಾಗ’ ಎಂದು ಬರೆದುಬಿಟ್ಟಿದ್ದ. ಒಮ್ಮೆ ಬರೆದ ಮೇಲೆ ನಿಲ್ಲಿಸುವುದು ಹೇಗೆ? ಪೆಟ್ರೋಲ್ ಬಂಕಿನ ಹಿಂದಿನ ಮಣ್ಣುಗುಡ್ಡೆಯ ಮೇಲೆ ಹೊಸ ಬೂಟು ಹಾಕಿಕೊಂಡು ನಿಂತ ಫೋಟೋವನ್ನೂ ಏರಿಸಿದ್ದಾಯಿತು. ಸಂಘದ ಅಟ್ಟದಿಂದ ಹಳೆಯ ಕಡತ ತರಲು ಏಣಿ ಹತ್ತಿದರೆ ತಲೆ ತಿರುಗುವ ಮನುಷ್ಯ ಊರಿಗೆಲ್ಲ ಬೆಟ್ಟದ ಗುರುವಾದ.

ಹೀಗಿರುವಾಗ ಸಂಘದ ಮ್ಯಾನೇಜರು ವಿನುತಾ ಮೇಡಂ ಶುಕ್ರವಾರ ಎಲ್ಲರನ್ನೂ ಕರೆದು, "ನಾಳೆ ಎರಡನೇ ಶನಿವಾರ. ಎಲ್ಲರೂ ಕಾವಲುಮೊಟ್ಟೆ ಬೆಟ್ಟ ಹತ್ತೋಣ. ಕೀರ್ತಿಕುಮಾರ್ ಮುಂದೆ ನಡೀತಾರೆ, ನಾವು ಹಿಂದೆ. ಅಧ್ಯಕ್ಷರಿಗೂ ಹೇಳಿದೀನಿ, ಜೀಪು ಅವರದ್ದೇ" ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೀರ್ತಿಕುಮಾರನೂ ತಟ್ಟಿದ.

ಈ ಗುಟ್ಟು ಗೊತ್ತಿದ್ದವಳು ಅವನ ಹೆಂಡತಿ ಸುಧಾ ಒಬ್ಬಳೇ. "ಹೋಗಿ ನಿಜ ಹೇಳ್ಬಿಡಿ. ಈಗ ಹೇಳಿದ್ರೆ ನಾಚಿಕೆ ಅಷ್ಟೆ. ಅರ್ಧ ಬೆಟ್ಟದಲ್ಲಿ ಕೂತ್ಕೊಂಡು ಅತ್ರೆ ಮರ್ಯಾದೆನೇ ಹೋಗುತ್ತೆ" ಎಂದಳು. ಅವಳು ಹೇಳಿದ್ದು ಸರಿ ಎಂದು ಅವನಿಗೂ ಅನ್ನಿಸಿತು. ಆದರೆ ಸರಿ ಅನ್ನಿಸಿದ್ದನ್ನೆಲ್ಲ ಮಾಡುವವನಾಗಿದ್ದರೆ ಈ ಗತಿ ಯಾಕೆ ಬರುತ್ತಿತ್ತು?

ಬೆಳಗಾಗುತ್ತಲೇ ಅವನು ಫೋನು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಆನೆ ಬಂದರೆ ಸುದ್ದಿ ಕೊಡಲೆಂದು ಊರವರದ್ದೇ ಇನ್ನೊಂದು ಗುಂಪಿತ್ತು. ಅರಣ್ಯ ಇಲಾಖೆಯವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಬಸ್ಸಿನ ಡ್ರೈವರುಗಳು ಎಲ್ಲ ಅದರಲ್ಲಿದ್ದರು. ‘ಕಾವಲುಮೊಟ್ಟೆ ದಾರಿಯಲ್ಲಿ ಆನೆ’ ಎಂದಷ್ಟೇ ಹಾಕಿದ್ದರೆ ಸಾಕಿತ್ತು. ಆದರೆ ಏನು ಬರೆದರೂ ಒಪ್ಪವಾಗಿ ಬರೆಯುವ ಚಟ ಬಿಡಬೇಕಲ್ಲ. ಜಾಗ: ಜೀಪು ನಿಲ್ಲುವ ತಿರುವು. ಸಂಖ್ಯೆ: ಸಲಗ ಒಂದು, ಹೆಣ್ಣಾನೆ ಎರಡು, ಮರಿ ಒಂದು. ಸೂಚನೆ: ಮರಿ ಇರುವುದರಿಂದ ಸಿಟ್ಟಿನಲ್ಲಿವೆ, ಯಾರೂ ಹೋಗಬೇಡಿ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಇತ್ತು ಆ ಸುಳ್ಳು.

ಅವನು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಊರು ಎದ್ದು ಕೂತಿತ್ತು. ಎಸ್ಟೇಟಿನಲ್ಲಿ ಕೆಲಸ ನಿಲ್ಲಿಸಿ ಆಳುಗಳನ್ನೆಲ್ಲ ಲೈನ್ ಮನೆಗಳಿಗೆ ಓಡಿಸಿದರು. ಬೆಳಗಿನ ಬಸ್ಸು ಕ್ರಾಸಿನಲ್ಲೇ ನಿಂತಿತು. ಪಂಚಾಯ್ತಿಯವರು ಆಟೋಕ್ಕೆ ಮೈಕು ಕಟ್ಟಿಕೊಂಡು "ಸಲಗ ಒಂದು, ಹೆಣ್ಣಾನೆ ಎರಡು" ಎಂದು ಅವನ ವಾಕ್ಯಗಳನ್ನೇ ಅವನ ಮನೆಯ ಮುಂದೆ ಕೂಗಿಕೊಂಡು ಹೋದರು. ಸುಧಾ ಅವನನ್ನೊಮ್ಮೆ ನೋಡಿ ರೊಟ್ಟಿಯ ತಟ್ಟೆ ಮುಂದಿಟ್ಟಳು. ಅವನು ರೊಟ್ಟಿ ಬೇಡವೆಂದ.

ಅಷ್ಟರಲ್ಲಿ ಮೇಡಂ ಫೋನು ಬಂತು. "ಟ್ರಿಪ್ಪು ಕ್ಯಾನ್ಸಲ್ ಆಯ್ತಲ್ಲ ಕೀರ್ತಿಕುಮಾರ್, ಏನ್ ಮಾಡೋದು. ಕಟ್ಟಿದ ಬುತ್ತಿ ಹಾಳಾಗೋದು ಬೇಡ, ಸಂಘದ ಜಗಲಿಗೇ ಬನ್ನಿ, ಕೂತು ತಿನ್ನೋಣ."

ಜಗಲಿಯಲ್ಲಿ ಮದುವೆ ಮನೆಯ ಕಳೆ ಇತ್ತು. ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ. ಪ್ರವಾಸ ತಪ್ಪಿದವರ ಮುಖದಲ್ಲಿ ಇಷ್ಟೊಂದು ಗೆಲುವು ಹೇಗೆ ಬಂತೆಂದು ಕೀರ್ತಿಕುಮಾರನಿಗೆ ತಿಳಿಯಲಿಲ್ಲ.

"ನೀವು ಬರ್ದಿದ್ದು ದಿಟ ಕಣಣ್ಣ" ಎಂದಳು ರುದ್ರಮ್ಮ. ಅವಳು ಸಂಘದ ಅಟೆಂಡರು, ಅವನ ಪಕ್ಕದ ಮನೆಯವಳೂ ಹೌದು. "ನಮ್ ಹಿತ್ಲಲ್ಲಿ ಎರಡು ಬಾಳೆ ಮುರ್ದಾಕವೆ. ನಾನೇ ಕಣ್ಣಾರೆ ನೋಡ್ದೆ. ಮರೀನೂ ಇತ್ತು."

"ಮರಿ ಮಾತ್ರ ಅಲ್ಲ ಮಾರಾಯ್ರೆ" ಎಂದ ಕ್ಯಾಷಿಯರ್ ತೀರ್ಥಪ್ರಸಾದ್. "ಸಲಗ ನನ್ನ ಬೈಕಿನ ಎದುರಿಗೇ ನಿಂತಿತ್ತು. ಕಿವಿ ನೋಡ್ಬೇಕು, ನಮ್ಮ ಸಂಘದ ಬಾಗಿಲಷ್ಟಗಲ. ನಾನು ಇಂಜಿನ್ ಆಫ್ ಮಾಡಿ ದೇವರ ಹೆಸರು ಹೇಳ್ತಾ ನಿಂತೆ."

"ಘೀಳಿಟ್ಟಿದ್ದು ನನಗೂ ಕೇಳಿಸ್ತು" ಎಂದರು ಮೇಡಂ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಾ. "ಇನ್ನು ಈ ವರ್ಷ ಆ ಬೆಟ್ಟದ ಸುದ್ದಿ ಬೇಡ. ಜನರ ಜೀವ ಮುಖ್ಯ."

ಬಚ್ಚಲಲ್ಲಿ ಕೂತು ಹುಟ್ಟಿಸಿದ ಆನೆಗಳು ನಿಜವಾಗಿಯೂ ಬಂದುಬಿಟ್ಟವೋ ಏನೋ ಎಂದು ಕೀರ್ತಿಕುಮಾರನೂ ಒಮ್ಮೆ ರಸ್ತೆಯ ಕಡೆ ಇಣುಕಿ ನೋಡಿದ.

ರಸ್ತೆಯಲ್ಲಿ ಬಂದದ್ದು ಫಾರೆಸ್ಟ್ ವಾಚರ್ ಕರಿಯ. ಮೊಣಕಾಲಿನವರೆಗೆ ಕೆಸರು, ಕಾಲಿನ ತುಂಬ ಜಿಗಣೆ ಕಚ್ಚಿದ ರಕ್ತ, ಕೈಯಲ್ಲಿ ಆನೆ ಓಡಿಸುವ ಪಟಾಕಿಯ ಚೀಲ. ಮೇಡಂ ಕರೆದು ರೊಟ್ಟಿ ಕೊಟ್ಟರು. ಅವನು ನಿಂತೇ ತಿಂದ.

"ಬೆಳಗ್ಗಿಂದ ಹುಡುಕ್ತಾ ಇದೀವಿ, ಸಿಕ್ತಾ ಇಲ್ಲ" ಎಂದ. ಆಮೇಲೆ ಕೀರ್ತಿಕುಮಾರನ ಕಡೆ ತಿರುಗಿ, "ನಮ್ದೂ ಶಿರಂಗಾಲದ ಕಡೆನೇ ಅಲ್ವಾ ಸಾರ್. ಇವತ್ತು ಮಗಳನ್ನ ನೋಡೋಕೆ ಪಿರಿಯಾಪಟ್ಟಣದಿಂದ ಗಂಡಿನ ಕಡೆಯೋರು ಬಂದವ್ರೆ. ರಜೆ ಸಿಕ್ಕಿತ್ತು. ನಿಮ್ ಮೆಸೇಜು ನೋಡಿ ಸಾಹೇಬ್ರು ರಜೆ ಕಿತ್ಕೊಂಡ್ರು, ಆನೆ ಸಿಗೋವರ್ಗೂ ಹೋಗಂಗಿಲ್ಲ ಅಂದ್ರು. ಅಲ್ಲಿ ಅವ್ರು ಹೆಣ್ಣಿನ ಅಪ್ಪ ಎಲ್ಲಿ ಅಂತ ಕೇಳ್ತಾವ್ರಂತೆ. ಮಗಳು ಫೋನ್ ಮಾಡಿ ಅಳ್ತಾಳೆ" ಎಂದ.

ಕೀರ್ತಿಕುಮಾರ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ.

"ಇರ್ಲಿ ಬಿಡಿ" ಎಂದ ಕರಿಯ. "ನೀವು ತಿಳಿಸಿದ್ದಕ್ಕೆ ಎಷ್ಟು ಜನ ಉಳಕೊಂಡ್ರೋ. ಒಳ್ಳೆ ಕೆಲ್ಸ ಮಾಡಿದ್ರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತು ಅವನ ಮುಖಕ್ಕೆ ಹೊಡೆದ ಹಾಗಾಯಿತು. ಮಗಳ ಕಣ್ಣೀರು, ಈ ಮನುಷ್ಯನ ಕಾಲಿನ ರಕ್ತ, ಎಲ್ಲಕ್ಕೂ ಕಾರಣ ತನ್ನ ಒಣ ಜಂಬ ಎಂದು ಅವನಿಗೆ ಹೇಸಿಗೆಯಾಯಿತು. ಇಷ್ಟು ನಾಚಿಕೆಯನ್ನು ಅವನು ಯಾವತ್ತೂ ಪಟ್ಟಿರಲಿಲ್ಲ.

"ಕರಿಯಣ್ಣ, ನೀವು ಊರಿಗೆ ಹೋಗಿ" ಎಂದ. "ಆನೆ ಇಲ್ಲ. ನಾನು ಸುಳ್ಳು ಬರೆದೆ. ನಿಮ್ಮ ಸಾಹೇಬರಿಗೆ ಈಗಲೇ ಹೇಳ್ತೀನಿ."

ಜಗಲಿಯಲ್ಲಿ ಅಗಿಯುವ ಸದ್ದು ನಿಂತಿತು. ಕರಿಯ ಅವನನ್ನು ಮೇಲಿಂದ ಕೆಳಗೆ ನೋಡಿ, ಅಧಿಕಾರಿಯ ನಂಬರು ಒತ್ತಿ ಫೋನು ಅವನ ಕೈಗೆ ಕೊಟ್ಟ. ಆ ಕಡೆಯಿಂದ ಬಂದ ಬೈಗುಳ ಫೋನು ಕಿವಿಗಿಡದೆಯೂ ಎಲ್ಲರಿಗೂ ಕೇಳಿಸಿತು. ಸೋಮವಾರ ಕಚೇರಿಗೆ ಬಂದು ತಪ್ಪೊಪ್ಪಿಗೆ ಬರೆದುಕೊಡಬೇಕೆಂದು ಅಪ್ಪಣೆಯಾಯಿತು. ಕರಿಯ ಪಟಾಕಿಯ ಚೀಲವನ್ನು ಅಲ್ಲೇ ಇಟ್ಟು, ಕ್ರಾಸಿನಲ್ಲಿ ನಿಂತಿದ್ದ ಬಸ್ಸಿನ ಕಡೆ ಓಡಿದ.

ಕೀರ್ತಿಕುಮಾರ ತಲೆ ತಗ್ಗಿಸಿ ನಿಂತ. ಈಗ ಎಲ್ಲರೂ ಸೇರಿ ಉಗಿಯುತ್ತಾರೆ, ಉಗಿಯಲಿ ಎಂದುಕೊಂಡ. ಒಂದು ಹೊರೆ ಇಳಿಸಿದ್ದಾಯಿತು. ಈ ಬಿಸಿಯಲ್ಲೇ ಇನ್ನೊಂದನ್ನೂ ಇಳಿಸಿಬಿಡೋಣ, ಬೆಟ್ಟವನ್ನೇ ಹತ್ತಿಲ್ಲ ಅನ್ನೋಣ ಎಂದು ಧೈರ್ಯವೂ ಬಂತು.

ಮೊದಲು ಬಾಯಿ ಬಿಟ್ಟವನು ತೀರ್ಥಪ್ರಸಾದ್. "ಅಲ್ಲ ಮಾರಾಯ, ಆ ಕರಿಯನೊಬ್ಬನನ್ನೇ ಬದಿಗೆ ಕರ್ದು ಹೇಳೋಕೆ ಆಗ್ತಿರ್ಲಿಲ್ವಾ ನಿಂಗೆ? ನನ್ನ ಮಂಡಿ ಅವಸ್ಥೆ ಗೊತ್ತುಂಟಾ? ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ ನಾನು. ಬೆಳಿಗ್ಗೆ ನಿನ್ನ ಆನೆ ಮೆಸೇಜು ನೋಡಿ ದೇವರಿಗೆ ಕೈ ಮುಗಿದೆ."

"ಅನ್ನದ ಡಬರಿ ಹೊತ್ಕೊಂಡು ಹತ್ಬೇಕಾಗಿತ್ತಲ್ಲ, ಅದ್ಕೆ ನಾನೂ ನೋಡ್ದೆ ಅಂದೆ" ಎಂದಳು ರುದ್ರಮ್ಮ. "ಬಾಳೆ ಮುರಿದಿದ್ದು ನಮ್ ಹಸಾನೇ."

ಕೀರ್ತಿಕುಮಾರ ಮೇಡಂ ಮುಖ ನೋಡಿದ. ಅಲ್ಲಿ ಕೋಪವಿರಲಿಲ್ಲ, ಅಳು ಇತ್ತು. "ನನಗೆ ಎರಡು ಮಹಡಿ ಹತ್ತಿದ್ರೆ ಉಸಿರು ಸಿಗಲ್ಲ. ನೀವು ವಾರ ವಾರ ಬೆಟ್ಟ ಹತ್ತಿ ಬರೀತೀರಿ, ಮ್ಯಾನೇಜರು ಸೋಮಾರಿ ಅನ್ಕೋತೀರೇನೋ ಅಂತ ಹೊರಡಿಸಿದೆ. ಬೇಡ ಅನ್ನೋದಕ್ಕೂ ಮರ್ಯಾದೆ ಅಡ್ಡ ಬಂತು. ಆನೆ ಬಂದು ಕಾಪಾಡಿತ್ತು" ಎಂದರು.

ಅಷ್ಟರಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ‘ಕಾವಲುಮೊಟ್ಟೆಯಲ್ಲಿ ಆನೆ ಇಲ್ಲ, ಸುದ್ದಿ ಸುಳ್ಳೆಂದು ಬರೆದವರೇ ಒಪ್ಪಿಕೊಂಡಿದ್ದಾರೆ, ದಾರಿ ಸುರಕ್ಷಿತ’ ಎಂದು ಇಲಾಖೆಯವರು ಗುಂಪಿಗೆ ಹಾಕಿದ್ದರು. ಅದರ ಹಿಂದೆಯೇ ಮೇಡಂಗೆ ಸಂಘದ ಅಧ್ಯಕ್ಷರ ಫೋನು ಬಂತು. ಮೇಡಂ ಎದ್ದು ನಿಂತು "ಹೌದು ಸರ್... ಸಂತೋಷ ಸರ್... ನಾಳೆನಾ ಸರ್... ನೀವೂ ಬರ್ತೀರಾ ಸರ್" ಎಂದು ಹೇಳುತ್ತ ಹೇಳುತ್ತ ಮತ್ತೆ ಕುಸಿದು ಕೂತರು.

"ನಾಳೆ ಬೆಳಿಗ್ಗೆ" ಎಂದರು ಫೋನು ಕೆಳಗಿಟ್ಟು. "ಎಲ್ಲರೂ ಬರಲೇಬೇಕಂತೆ. ಕೀರ್ತಿಕುಮಾರ್ ಮುಂದೆ ಇರಬೇಕಂತೆ. ಸುಳ್ಳು ಒಪ್ಪಿಕೊಳ್ಳೋ ಧೈರ್ಯ ಇರೋನಿಗೆ ಬೆಟ್ಟ ಯಾವ ಲೆಕ್ಕ ಅಂದ್ರು."

ಕೀರ್ತಿಕುಮಾರ ಒಂದು ಹೆಜ್ಜೆ ಮುಂದೆ ಬಂದ. "ಮೇಡಂ, ಇನ್ನೊಂದು ನಿಜ ಹೇಳೋದಿದೆ."

"ಇವತ್ತಿಗೆ ಸಾಕು" ಎಂದರು ಮೇಡಂ. "ಇನ್ನೊಂದು ನಿಜ ನಿಮ್ಮ ಬಾಯಿಂದ ಬಂದ್ರೆ ನೋಟೀಸ್ ಕೊಡ್ತೀನಿ."

ತೀರ್ಥಪ್ರಸಾದನೂ ರುದ್ರಮ್ಮನೂ ಹೌದೆಂದು ತಲೆಯಾಡಿಸಿದರು. ಅವರನ್ನೆಲ್ಲ ಉಳಿಸಬಹುದಾಗಿದ್ದ ಆ ಒಂದು ಮಾತನ್ನು ಕೀರ್ತಿಕುಮಾರ ತಣ್ಣಗಾದ ಕಾಫಿಯ ಜೊತೆ ನುಂಗಿಕೊಂಡ.