ಚಿಕ್ಕಮ್ಮನ ಮಾವ ನಾಲ್ಕು ಸಲ ತೀರಿಕೊಂಡದ್ದು

ಚಿಕ್ಕಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೊರಡುವ ಮೊದಲೇ, ಏನೇನು ಎಡವಟ್ಟಾಗಬಹುದೆಂದು ನಾನು ಮನಸ್ಸಿನಲ್ಲಿ ಪಟ್ಟಿ ಮಾಡಿದ್ದೆ. ತಿರುವಿನಲ್ಲಿ ಅವರಿಗೆ ವಾಂತಿ ಬರಬಹುದು. ಬ್ರೇಕು ಕೈಕೊಡಬಹುದು. ಸಾವಿನ ಮನೆ ಇದೇ ಎಂದುಕೊಂಡು ಚಿಕ್ಕಮ್ಮ ಪಕ್ಕದ ಮನೆಗೆ ನುಗ್ಗಿ, ಗಟ್ಟಿಮುಟ್ಟಾಗಿ ಕೂತು ಪೇಪರ್ ಓದುತ್ತಿರುವ ಯಜಮಾನರ ಹೆಂಡತಿಯನ್ನು ತಬ್ಬಿಕೊಂಡು ಅಳಬಹುದು. ಎಲ್ಲಕ್ಕಿಂತ ಭಯಂಕರವಾದದ್ದೆಂದರೆ, ಸರಿಯಾದ ಮನೆಗೇ ಹೋಗಿ ಬಾಯಿ ತೆರೆಯಬಹುದು!

ಸಾವಿನ ಮನೆಯಲ್ಲಿ ಚಿಕ್ಕಮ್ಮನಷ್ಟು ಅಪಾಯಕಾರಿ ಹೆಂಗಸು ಮೂರು ತಾಲ್ಲೂಕಿನಲ್ಲೂ ಇಲ್ಲ. ಮಾತಾಡಿಸಿಕೊಂಡು ಬರಲು ಹೋದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ನೆಲ ನೋಡುತ್ತಾ ಕೂರುತ್ತಾರೆ, 'ಎಲ್ಲ ಅವನಿಚ್ಛೆ' ಎನ್ನುತ್ತಾರೆ, ಎದ್ದು ಬರುತ್ತಾರೆ. ಚಿಕ್ಕಮ್ಮ ಹಾಗಲ್ಲ. ನೀವು ಏನನ್ನು ಕಳೆದುಕೊಂಡಿದ್ದೀರೋ ಅದನ್ನು ಅವರು ನಿಮಗಿಂತ ಮೊದಲೇ ಕಳೆದುಕೊಂಡಿರುತ್ತಾರೆ. ಮೇಗುಂದದಲ್ಲಿ ಒಬ್ಬರ ಹಸು ಸತ್ತಾಗ ಚಿಕ್ಕಮ್ಮ ತಮ್ಮ ಹಸುವಿನ ಕೊನೆಗಾಲವನ್ನು ಎಷ್ಟು ಮನಮುಟ್ಟುವಂತೆ ಹೇಳಿದರೆಂದರೆ, ಕೊನೆಗೆ ಆ ಮನುಷ್ಯನೇ ಕಣ್ಣೊರೆಸಿಕೊಂಡು ಇವರಿಗೆ ನೀರು ತಂದುಕೊಟ್ಟ.

ಅವರ ಮಾವನ ವಿಷಯವಂತೂ ಕೇಳಲೇಬೇಡಿ. ಕೊಪ್ಪದಲ್ಲಿ ಹೃದಯಾಘಾತದಿಂದ ಹೋದವರು, ಶೃಂಗೇರಿಯಲ್ಲಿ ಸಕ್ಕರೆ ಕಾಯಿಲೆಯಿಂದ ಹೋದರು. ಶೆಟ್ಟಿಕೊಪ್ಪದಲ್ಲಿ ಮರದಿಂದ ಬಿದ್ದರು. ಮೊನ್ನೆ ನಮ್ಮ ಪಕ್ಕದ ಬೀದಿಯಲ್ಲಿ ಅವರಿಗೆ ಕಾಮಾಲೆ.

"ಚಿಕ್ಕಮ್ಮ, ನಿಜವಾಗಿ ನಿಮ್ಮ ಮಾವ ಹೋದದ್ದು ಯಾವುದರಲ್ಲಿ?"

"ವಯಸ್ಸಾಗಿ. ನಿದ್ದೇಲಿ."

"ಮತ್ತೆ ಇದೆಲ್ಲ ಎಂತದು?"

"ನಂಗೆ ಇದ್ದದ್ದು ಒಬ್ಬರೇ ಮಾವ ಮಾರಾಯ್ತಿ. ಇರೋರನ್ನೇ ಎಲ್ಲ ಮನೆಗೂ ಹೊಂದಿಸ್ಕೊಳ್ಳೋದು ಬ್ಯಾಡ್ವ?"

ಇಂಥವರನ್ನು ನಾನೇ ಯಾಕೆ ಕರೆದುಕೊಂಡು ಹೊರಟೆ? ನರಸಿಂಹರಾಜಪುರದಲ್ಲಿ ಬ್ಲೌಸ್ ಹೊಲಿಯುವ ನನ್ನ ಗೆಳತಿಯ ಗಂಡ ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವಳು ಒಂದು ಮಾತೂ ಆಡುತ್ತಿರಲಿಲ್ಲ, ಒಂದು ತುತ್ತೂ ಉಣ್ಣುತ್ತಿರಲಿಲ್ಲ. ನಾನು ಎರಡು ಸಲ ಹೋಗಿ, ಎರಡು ಸಲವೂ 'ಧೈರ್ಯ ತಗೋ' ಎಂದು ಹೇಳಿ, ಅವಳಿಗಿಂತ ಹೆಚ್ಚು ಅಧೈರ್ಯದಿಂದ ವಾಪಸು ಬಂದಿದ್ದೆ. ಕೊನೆಗೆ ಅವಳ ಅತ್ತೆಯೇ ಫೋನ್ ಮಾಡಿದರು. "ಮಗ ಅಂತೂ ಹೋದ. ಹಿಂಗೇ ಬಿಟ್ರೆ ಇವಳೂ ಉಳಿಯಲ್ಲ. ಯಾರನ್ನಾದ್ರೂ ಕರ್ಕೊಂಡು ಬಾ."

ನನಗೆ ಗೊತ್ತಿದ್ದ 'ಯಾರಾದ್ರೂ' ಎಂದರೆ ಚಿಕ್ಕಮ್ಮ ಒಬ್ಬರೇ.

"ಇವತ್ತು ಮಾತ್ರ ಮಾವ ಬೇಡ ಚಿಕ್ಕಮ್ಮ," ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

"ಆಯ್ತು, ಮುಂದೆ ನೋಡಿ ಓಡ್ಸು."

ಮನೆ ತಲುಪಿದ್ದೇ ಚಿಕ್ಕಮ್ಮ ನೇರ ಹೋಗಿ ಗೆಳತಿಯ ಪಕ್ಕದಲ್ಲಿ ಕೂತರು. ಅವಳು ತಲೆ ಎತ್ತಲಿಲ್ಲ. ಚಿಕ್ಕಮ್ಮ ಬಾಯಿ ತೆರೆದರು. ನಾನು ಕಣ್ಣು ಮುಚ್ಚಿಕೊಂಡೆ.

"ನಮ್ಮನೆಯವರು ಹೋಗಿ ಐದು ದಿನ ಆಗಿತ್ತು," ಎಂದರು. ಚಿಕ್ಕಪ್ಪನ ಸಾವನ್ನು ಅವರು ಯಾವ ಮನೆಯಲ್ಲೂ ಎತ್ತಿದ್ದನ್ನು ನಾನು ಕೇಳಿರಲಿಲ್ಲ. "ಸೂತಕದ ಅಡುಗೆ, ಒಗ್ಗರಣೆ ಸಹ ಇಲ್ಲ. ನಂಗೆ ಹಲಸಿನ ಹಪ್ಪಳ ತಿನ್ನಬೇಕು ಅಂತ ಜೀವ ಹೋಗ್ತಿತ್ತು. ಒಂದನ್ನ ಕೆಂಡದಲ್ಲಿ ಸುಟ್ಕೊಂಡು, ಉಗ್ರಾಣದ ಬಾಗ್ಲು ಹಾಕ್ಕೊಂಡೆ. ಕಚ್ಚಿದ್ರೆ ಕರುಂ ಅಂತದಲ್ಲ, ಹೊರಗೆ ನೆಂಟರು. ಬಾಯಲ್ಲೇ ಇಟ್ಕೊಂಡು ಮೆತ್ತಗೆ ಮಾಡಿ ನುಂಗ್ದೆ. ಅಳೋದೂ ನಿಂತಿರ್ಲಿಲ್ಲ. ಹಪ್ಪಳಕ್ಕೆ ಉಪ್ಪು ಕಮ್ಮಿ ಇತ್ತು, ಸರಿ ಹೋಯ್ತು. ನಾಚಿಕೆ ಆಗಿ ಇಷ್ಟು ವರ್ಷ ಯಾರ ಹತ್ರನೂ ಹೇಳಿಲ್ಲ."

ಗೆಳತಿಯ ಹೆಗಲು ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು.

"ನಂಗೂ ಹಸಿವಾಗ್ತದೆ ಚಿಕ್ಕಮ್ಮ. ಅವರು ಹೋದ ದಿನವೂ ಆಗಿತ್ತು. ಎಂಥ ಹೆಂಗಸು ನಾನು ಅಂತ..."

"ಹೊಟ್ಟೆ ಇರೋ ಹೆಂಗಸು. ಏಳು, ಉಣ್ಣು."

ಅವಳ ಅತ್ತೆ ಓಡಿಹೋಗಿ ಅನ್ನ ಸಾರು ತಂದರು. ಎರಡನೇ ಸಲ ಬಡಿಸಿಕೊಂಡಳು. ಇಷ್ಟು ದಿನದ ಮೇಲೆ ಹೀಗೆ ಉಂಡರೆ ಅಜೀರ್ಣವಾದೀತೇ ಎಂಬ ಹೊಸ ಚಿಂತೆ ನನಗೆ ಶುರುವಾಯಿತು.

ಅಂತೂ ಎಲ್ಲ ಸುಸೂತ್ರವಾಯಿತು ಎಂದುಕೊಂಡು ಎದ್ದೆ. ಸಾವಿನ ಮನೆಯಿಂದ ಹೊರಡುವಾಗ 'ಬರ್ತೇನೆ' ಎನ್ನಬಾರದು, ಸುಮ್ಮನೆ ಹೊರಟುಬಿಡಬೇಕು. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಚಿಕ್ಕಮ್ಮ ಹೊಸ್ತಿಲಲ್ಲಿ ತಿರುಗಿ ನಿಂತು, ಜಗಲಿಯಲ್ಲಿದ್ದವರಿಗೆಲ್ಲ ಕೇಳುವಂತೆ ಅಂದೇಬಿಟ್ಟರು.

"ಬರ್ತೀನಿ ಮಾರಾಯ್ತಿ. ಶುಕ್ರವಾರ ಮತ್ತೆ ಬರ್ತೀನಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನ್ನ ಕೈಯಿಂದ ಕಾರಿನ ಕೀಲಿ ಜಾರಿಬಿತ್ತು.

ಎಂಜಲು ಕೈಯಲ್ಲೇ ಎದ್ದು ಬಂದಿದ್ದ ಗೆಳತಿ, "ಬನ್ನಿ," ಎಂದಳು.