ಅತ್ತೆಯ ಹಿಮ್ಮಡಿ ಪರೀಕ್ಷೆ

ಸಂಜಯನಗರದಿಂದ ಅಮೃತಹಳ್ಳಿಯವರೆಗೆ ಎಲ್ಲೇ ಉಚಿತ ತಪಾಸಣೆಯ ಶಾಮಿಯಾನ ಎದ್ದರೂ, ಡಾಕ್ಟರಿಗಿಂತ ಮೊದಲು ಅಲ್ಲಿ ಕುರ್ಚಿ ಹಿಡಿದು ಕೂತಿರುವವಳು ನಮ್ಮ ಸೋದರತ್ತೆ! ಕಾಯಿಲೆಯೇ? ಛೆ ಛೆ, ಶಿಬಿರಕ್ಕೂ ಕಾಯಿಲೆಗೂ ಏನು ಸಂಬಂಧ! ಒಮ್ಮೆ ಹಲ್ಲಿನ ಶಿಬಿರದಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನೇ ತೆಗೆದು ಡಾಕ್ಟರ ಕೈಗಿಟ್ಟು, “ನೀವು ನಿಧಾನಕ್ಕೆ ನೋಡ್ತಾ ಇರಿ ಸಾ, ಅಷ್ಟ್ರಲ್ಲಿ ಪಕ್ಕದಲ್ಲಿ ಶುಗರ್ ನೋಡಿಸ್ಕೊಂಡ್ ಬತ್ತೀನಿ” ಎಂದು ಎದ್ದು ಹೋದಳು. ಅದೂ ಬೊಚ್ಚುಬಾಯಲ್ಲಿ.

ಇಂಥವಳು, ನಮ್ಮ ಬೀದಿಯ ತುದಿಯಲ್ಲಿ ‘ಮಹಿಳೆಯರಿಗೆ ಮೂಳೆ ಸಾಂದ್ರತೆ ಪರೀಕ್ಷೆ’ ಎಂಬ ಬ್ಯಾನರ್ ಕಟ್ಟಿದ್ದೇ ತಡ, ಆ ದಾರಿಯನ್ನೇ ಬಿಟ್ಟಳು! ಸೊಪ್ಪು ತರಲೂ ಊರು ಸುತ್ತಿ ಹೋಗುತ್ತಿದ್ದಳು. ಕೇಳಿದರೆ ಹೊತ್ತಿಗೊಂದು ನೆಪ. “ಇವತ್ತು ಅಮಾಸೆ.” “ಬಟ್ಟೆ ನೆನೆಹಾಕಿವ್ನಿ.” “ನನ್ ಮೂಳೆ ನಂಗ್ ಗೊತ್ತಿಲ್ವಾ?”

ಗೊತ್ತಿತ್ತು ಎಂಬುದೇ ನನ್ನ ಅನುಮಾನ. ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ಮಣಿಕಟ್ಟು ಮುರಿದುಕೊಂಡು, ಕಟ್ಟು ಬಿಚ್ಚಿಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನಾಗ ತುಂಬಿದ ಬಸುರಿ. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅತ್ತೆ, ಬಾಣಂತನ ಮಾಡಬೇಕಾದವಳೂ ಅತ್ತೆ. “ನೀನು ಶಿಬಿರಕ್ಕೆ ಬರೋವರೆಗೂ ನಾನು ಊಟ ಮಾಡಲ್ಲ” ಎಂದು ಹಟ ಹಿಡಿದೆ. ಬಸುರಿಯ ಉಪವಾಸಕ್ಕೆ ಬಗ್ಗದ ಅತ್ತೆ ಎಲ್ಲಾದರೂ ಉಂಟೇ? ಗೊಣಗುತ್ತಾ ಹೊರಟಳು.

ಶಿಬಿರದಲ್ಲಿ ನರ್ಸಮ್ಮ, “ಅಲ್ಟ್ರಾಸೌಂಡ್ ಮಾಡ್ತೀವಿ ಅಜ್ಜಿ, ಹಿಮ್ಮಡಿ ಇದ್ರಲ್ಲಿಡಿ” ಎಂದರು.

ಅಜ್ಜಿ ಯಾರೆಂದು ಅತ್ತೆ ಸುತ್ತಲೂ ಹುಡುಕಿದಳು. ಆಮೇಲೆ ನನ್ನತ್ತ ಬೆರಳು ಮಾಡಿ, “ಅದು ಮಗು ನೋಡೋ ಮಿಷನ್ ಅಲ್ವೇನವ್ವಾ? ಬಸ್ರಿ ಇವ್ಳು. ನನ್ ಹಿಮ್ಮಡಿ ಬಸ್ರಾಗಿಲ್ಲ!”

ಶಾಮಿಯಾನವೇ ಹಾರಿಹೋಗುವಷ್ಟು ನಗು. ನರ್ಸಮ್ಮ ನಗು ತಡೆದುಕೊಂಡು, “ಶಬ್ದದ ಅಲೆ ಮೂಳೆ ಒಳಗೆ ಹಾದು ಹೋಗತ್ತೆ, ಮೂಳೆ ಗಟ್ಟಿ ಇದ್ಯಾ ಸವೆದಿದ್ಯಾ ಅಂತ ಅಂದಾಜು ಸಿಗತ್ತೆ. ನೋಯಲ್ಲ” ಎಂದು ಬಿಡಿಸಿ ಹೇಳಿದರು.

ಇನ್ನೇನು ಕಾಲಿಡಬೇಕು, ಸರಕ್ಕನೆ ಹಿಂದೆಳೆದುಕೊಂಡಳು. “ಆಯುಧಪೂಜೇಲಿ ಕೈ ಮುಗಿಯೋ ಮಿಷನ್ಗೆ ಕಾಲಿಡೋದಾ? ಇಂಗೆಲ್ಲ ಮಾಡಿದ್ರೆ ಒಳ್ಳೇದಾಯ್ತದಾ?” ಸೊಂಟದ ಚೀಲದಿಂದ ಕುಂಕುಮ ತೆಗೆದು ಮಿಷನ್ನಿಗೆ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು. ನರ್ಸಮ್ಮ “ಅಯ್ಯೋ, ಅಯ್ಯೋ” ಎನ್ನುತ್ತಾ ಹತ್ತಿಯಿಂದ ಒರೆಸಿದರು. ಅಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸರೆಲ್ಲ ಕೈಮುಗಿದು ನಿಂತಿದ್ದರು. ಮಂಗಳಾರತಿ ಒಂದು ಬಾಕಿ!

ಕೊನೆಗೂ ಅತ್ತೆ ಹಿಮ್ಮಡಿ ಇಟ್ಟಳು. ಮಿಷನ್ ಕೊಟ್ಟ ಚೀಟಿ ನೋಡಿದ ಡಾಕ್ಟರು ಮಾತ್ರ ನಗಲಿಲ್ಲ. “ಮೂಳೆ ಸವೆದ ಹಾಗಿದೆ. ಆಸ್ಪತ್ರೇಲಿ ದೊಡ್ಡ ಸ್ಕ್ಯಾನ್ ಮಾಡಿಸಿ, ಚಿಕಿತ್ಸೆ ಇದೆ. ಅಲ್ಲಿವರ್ಗೂ ಭಾರ ಎತ್ಬೇಡಿ, ಬೀಳದ ಹಾಗೆ ನೋಡ್ಕೊಳ್ಳಿ” ಎಂದರು.

ಮನೆಯ ಬಾಗಿಲು ದಾಟಿದ ಮೇಲೆ ಅತ್ತೆ, “ಇದಕ್ಕೇ ಕಣೇ ನಾ ಬರಲ್ಲ ಅಂದಿದ್ದು” ಎಂದಳು. “ನಿನ್ನ ಈ ಕಾಲ್ಮೇಲೆ ಮಲಗಿಸ್ಕೊಂಡು ನೀರ್ ಹುಯ್ದಿದ್ದು. ನಿನ್ ಮಗೀಗೆ ಹುಯ್ಯೋಕೆ ಇನ್ ಯಾರ್ನಾರ ನೋಡ್ಕೊ.”

ನನಗೆ ಅಳು ಒತ್ತರಿಸಿ ಬಂತು. ಸಿಟ್ಟೂ ಬಂತು. “ಯಾರನ್ನೂ ನೋಡಲ್ಲ. ಡಾಕ್ಟರನ್ನ ಕೇಳ್ಕೊಂಡೇ ಮಾಡೋಣ. ನಮ್ಮೆಜಮಾನ್ರು ಹಂಡೆಯಿಂದ ನೀರು ತರ್ಲಿ, ಮಗೂನ ಎತ್ತಿ ಕೊಡ್ಲಿ, ನೀರೂ ಅವ್ರೇ ಹುಯ್ಲಿ. ನೀನು ಗೋಡೆಗೊರಗಿ ಕಾಲು ಚಾಚಿ ಕೂತ್ಕೋ, ಅಷ್ಟೇ. ನನ್ ಮಗು ನಿನ್ ಕಾಲ್ಮೇಲೇ ಮಲಗ್ಬೇಕು!”

ಅತ್ತೆ ನನ್ನ ಮುಖವನ್ನೇ ನೋಡಿದಳು. ಮೆಲ್ಲಗೆ ಗೋಡೆ ಹಿಡಿದು ನೆಲದ ಮೇಲೆ ಕೂತು, ಎರಡೂ ಕಾಲು ಚಾಚಿ ಜೋಡಿಸಿದಳು. ಸೀರೆ ಸರಿಮಾಡಿಕೊಂಡು, ಮೊಣಕಾಲಿನಿಂದ ಪಾದದವರೆಗೆ ಕೈಯಾಡಿಸಿ ಕೇಳಿದಳು:

“ನೋಡು, ಇಷ್ಟು ಜಾಗ ಸಾಕಾಯ್ತದಾ ಮಗೀಗೆ?”